ಪಂಕ್ತಿಯ ಹಿರಿಯರು

ವಾಡಿಯ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಕಾಕಾ ಇದ್ದರು. ಹೋಟೆಲಿನಲ್ಲಿ ಚಹಾ ಹೇಳುವ ಮೊದಲು ಅಕ್ಕಪಕ್ಕದವರ ಗ್ಲಾಸು ನೋಡುತ್ತಿದ್ದರು. ಸಕ್ಕರೆ ಬೇಕೇ ಎಂದರೆ ಒಂದೇ ಮಾತು: “ಮಂದಿ ಹ್ಯಾಂಗೋ ನಾವೂ ಹಂಗ್ರಿ.”

ನಮ್ಮ ಕಡೆ ಮದುವೆ ಊಟದಲ್ಲಿ ಪಂಕ್ತಿಯ ಹಿರಿಯರು ಏಳುವ ತನಕ ಉಳಿದವರು ಏಳುವಂತಿಲ್ಲ. ಗುಂಡಗುರ್ತಿಯ ಒಂದು ಮದುವೆಯಲ್ಲಿ ಎಲ್ಲರ ಊಟ ಮುಗಿದು ಎಂಜಲುಗೈ ಒಣಗಿದರೂ ಯಾರೂ ಏಳಲಿಲ್ಲ. ಹೊರಗೆ, ನಮ್ಮನ್ನು ರೈಲಿಗೆ ಮುಟ್ಟಿಸಬೇಕಾದ ಟೆಂಪೊ ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು.

ಪಕ್ಕದ ಎಲೆಗೆ ಕುಳಿತಿದ್ದ ಕಾಕಾ ನನ್ನ ಕಿವಿಯಲ್ಲಿ ಕೇಳಿದರು, “ಯಾಕ, ಯಾರೂ ಏಳವಲ್ರು?”

“ನಿಮ್ಮ ದಾರಿ ನೋಡ್ಲಿಕತ್ತಾರ್ರಿ ಕಾಕಾ. ಈ ಪಂಕ್ತ್ಯಾಗ ನೀವೇ ಹಿರೇರು.”

“ನಾನಾ?”

ಎಡಗೈ ನೆಲಕ್ಕೂರಿ ಅರ್ಧ ಎದ್ದರು. ಇಡೀ ಪಂಕ್ತಿ ಅರ್ಧ ಎದ್ದಿತು. ಅಷ್ಟರಲ್ಲಿ ಕಾಕಾರ ಕಣ್ಣು ಎದುರು ಪಂಕ್ತಿಯ ಮೇಲೆ ಬಿತ್ತು. ಆ ಸಾಲಿನವರು ತಡವಾಗಿ ಬಂದವರು. ಆಗಷ್ಟೇ ಹುಗ್ಗಿ ಬಡಿಸಿಕೊಳ್ಳುತ್ತಿದ್ದರು.

ಕಾಕಾ ಮತ್ತೆ ಕುಳಿತರು. ನಾವೂ ಕುಳಿತೆವು.

“ನಮಗೂ ಹಾಕ್ರಿ,” ಎಂದು ಎಲೆ ಮುಂದೆ ಸರಿಸಿದರು. ಸಾಲಿಗೆ ಸಾಲೇ ಎಲೆ ಸರಿಸಿತು.

ನಮ್ಮನ್ನು ಬೈದು ಎಬ್ಬಿಸಲು ಟೆಂಪೊ ಡ್ರೈವರ್ ಧುಮುಗುಡುತ್ತ ಒಳಗೆ ಬಂದ. ಪಂಕ್ತಿಯ ಉದ್ದಕ್ಕೂ ಒಮ್ಮೆ ನೋಡಿದ. ಮೆಲ್ಲಗೆ ಚಪ್ಪಲಿ ಬಿಟ್ಟು ಕೊನೆಯಲ್ಲಿ ಕುಳಿತ.