ಸರಸ್ವತಿಗೇ ಬೀಗ

ಇವತ್ತು ಬೆಳಿಗ್ಗೆ ಹಾಲು ಉಕ್ಕಿತು. ಉಕ್ಕುವುದು ಕಾಣುತ್ತಲೇ ಇತ್ತು, ಓಡಿದರೆ ಸಿಗುತ್ತಿತ್ತು ಕೂಡ. ಆದರೆ ನಾನು ಮೊದಲು ಲ್ಯಾಪ್‌ಟಾಪ್ ಲಾಕ್ ಮಾಡಿ, ಆಮೇಲೆ ಓಡಿದೆ. "ಮನೇಲಿರೋದು ನಾವಿಬ್ಬರೇ. ಯಾರಿಂದ ಕಾಪಾಡ್ತಿದೀಯ, ನನ್ನಿಂದಲಾ?" ಎಂದರು ಯಜಮಾನರು. ನೀವೂ ಹಾಗೆಯೇ ಕೇಳುತ್ತೀರಿ, ಗೊತ್ತು. ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ.

ಮದರಾಸಿನ ಗಿಂಡಿಯಲ್ಲಿದ್ದ ನಮ್ಮ ವಿಮಾ ಕಚೇರಿಗೆ ಕಂಪ್ಯೂಟರ್ ಬಂದು ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ನನ್ನ ಪಕ್ಕದ ಸೀಟು ವಸಂತಿಯದು. ಅವಳಪ್ಪ ಕುಂದಾಪುರದ ಕಡೆಯಿಂದ ಬಂದು ಕೋಡಂಬಾಕ್ಕಂನಲ್ಲಿ ಹೋಟೆಲು ಇಟ್ಟವರು. ಕೈ ಖಾಲಿ ಇದ್ದವರು ಮುಂದಿನ ಟೇಬಲ್ ನೋಡಬೇಕು ಎನ್ನುವುದು ಹೋಟೆಲಿನ ಧರ್ಮ. ವಸಂತಿ ಅದನ್ನು ಕಚೇರಿಗೂ ತಂದಿದ್ದಳು. ನಾನು ಕಾಫಿಗೆ ಎದ್ದರೆ ಸಾಕು, "ನೀ ಹೋಯಿ ಬಾ ಮಾರಾಯ್ತಿ, ನಾ ಕಾಂತೆ" ಎಂದು, ಅಂದರೆ ನಾನು ನೋಡಿಕೊಳ್ಳುತ್ತೇನೆ ಎಂದು, ನನ್ನ ಕುರ್ಚಿಗೆ ಜರುಗಿ, ತೆರೆದಿದ್ದ ನನ್ನ ಲಾಗಿನ್‌ನಲ್ಲೇ ಕೆಲಸ ಮುಂದುವರಿಸುತ್ತಿದ್ದಳು. ಇಡೀ ಶಾಖೆ ನಡೆಯುತ್ತಿದ್ದದ್ದೇ ಹಾಗೆ. ಅದಕ್ಕೆ ನಾವು ಒಗ್ಗಟ್ಟು ಎನ್ನುತ್ತಿದ್ದೆವು.

ಗಂಡ ತೀರಿಕೊಂಡ ಮೇಲೆ ಅವನ ಜಾಗಕ್ಕೆ ಬಂದವಳು ವಸಂತಿ. ಕೆಲಸ ಖಾಯಂ ಆಗಿರಲಿಲ್ಲ. ಮನೆಯಲ್ಲಿ ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ಅಮ್ಮ ಕನ್ನಡದಲ್ಲಿ ಗದರಿದರೆ ತಮಿಳಿನಲ್ಲಿ ಉತ್ತರ ಕೊಡುವವರು. ಒಂದು ಕಪ್ಪು ಗುರುತು ಬಿದ್ದರೂ ಆ ಮನೆಯ ಒಲೆ ಆರುವುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹಾಗಿರುವಾಗ ನನ್ನನ್ನು ಕಂಪ್ಯೂಟರ್ ತರಬೇತಿಗೆ ಕಳಿಸಿದರು. ಅಲ್ಲಿ ಕಲಿತದ್ದರಲ್ಲಿ ತಲೆಯಲ್ಲಿ ಉಳಿದದ್ದು ಒಂದೇ: ಕುರ್ಚಿ ಬಿಟ್ಟು ಏಳುವ ಮೊದಲು ಮೂರು ಕೀ ಒಟ್ಟಿಗೆ ಒತ್ತಿ, ಎಂಟರ್ ಕುಟ್ಟಬೇಕು. ಮತ್ತೆ ತೆರೆಯಲು ನಮ್ಮ ಪಾಸ್‌ವರ್ಡೇ ಬೇಕು. ಹೊಸದಾಗಿ ವ್ರತ ಹಿಡಿದವಳ ಹಾಗೆ ನೀರು ಕುಡಿಯಲು ಎದ್ದರೂ ಲಾಕ್ ಮಾಡತೊಡಗಿದೆ. ಮೊದಮೊದಲು ಪಾಸ್‌ವರ್ಡ್ ಮರೆತು ನಾನೇ ಹೊರಗುಳಿದದ್ದೂ ಉಂಟು. ವಸಂತಿಯ ಮುಖ ಚಿಕ್ಕದಾಯಿತು. "ನಾ ಕಳ್ಳಿಯಾ?" ಎಂದಳು. ಅಲ್ಲ ಕಣೇ ಎಂದು ಎಷ್ಟು ಹೇಳಿದರೂ ಅವಳ ಡಬ್ಬಿಯ ಕಡುಬು ನನ್ನ ಕಡೆಗೆ ಬರುವುದು ನಿಂತಿತು. ಕಡುಬು ಹೋದದ್ದು ನನಗೆ ನಿಜಕ್ಕೂ ದುಃಖದ ವಿಷಯ.

ಆಯುಧಪೂಜೆ ಬಂತು. ಕಂಪ್ಯೂಟರುಗಳಿಗೆಲ್ಲ ಗಂಧ, ಕುಂಕುಮ, ಮಲ್ಲಿಗೆ. ಪೂಜೆಯ ಹೊತ್ತಿಗೆ ದೀಪ ಆರಬಾರದು, ಹಾಗೆಯೇ ಪರದೆಯೂ ಬೆಳಗುತ್ತಿರಬೇಕು, ಕೆಲಸ ತೆರೆದೇ ಇರಬೇಕು ಎಂದು ಮ್ಯಾನೇಜರ್ ಅಪ್ಪಣೆ ಮಾಡಿದರು. ನಾನು ಲಾಕ್ ಮಾಡಿದ್ದನ್ನು ಕಂಡು, "ಎನ್ನ ಮೇಡಂ, ಸರಸ್ವತಿಕ್ಕೇ ಪೂಟ್ಟಾ?" ಎಂದರು. ಸರಸ್ವತಿಗೇ ಬೀಗವೇ ಎಂದು ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಎಲ್ಲರೂ ಪೂಜೆಯ ಹಾಲ್ ಕಡೆಗೆ ಹೊರಟಾಗ, ಅದೇ ಉರಿಯಲ್ಲಿ ವಸಂತಿಯ ಕಂಪ್ಯೂಟರನ್ನೂ ಲಾಕ್ ಮಾಡಿಬಿಟ್ಟೆ. ಏನೋ ಮರೆತು ಹಿಂದಿರುಗಿದವಳು ಕಂಡಳು. "ನನ್ ಮಿಷಿನ್ ನೀ ಎಂತಕ್ಕೆ ಮುಟ್ಟಿದ್ದು?" ಎಂದು ರೇಗಿದಳು. ಮಂಗಳಾರತಿ ಮುಗಿಯುವವರೆಗೆ ನನ್ನ ಕಡೆ ತಿರುಗಲೂ ಇಲ್ಲ.

ರಜೆ ಮುಗಿಸಿ ಬಂದರೆ ಕಚೇರಿಯಲ್ಲಿ ಗದ್ದಲ. ಪೂಜೆ ನಡೆಯುತ್ತಿದ್ದ ಹೊತ್ತಿನಲ್ಲೇ ಯಾರದೋ ಪಾಲಿಸಿಯಲ್ಲಿ ಹೆಂಡತಿಯ ಹೆಸರು ಅಳಿಸಿ ಬೇರೊಬ್ಬರನ್ನು ನಾಮಿನಿ ಮಾಡಲಾಗಿತ್ತು. ಯಾವ ಕಂಪ್ಯೂಟರಿನಿಂದ ಎಂಬುದು ನಮ್ಮ ಶಾಖೆಯಲ್ಲಿ ಕಾಣುತ್ತಿರಲಿಲ್ಲ, ಆದರೆ ನಾಮಿನಿಯ ಕೆಲಸ ವಸಂತಿಯ ಸೀಟಿನದು. ಹಾಲ್‌ಗೆ ಕೊನೆಯಲ್ಲಿ ಬಂದವಳೂ ಅವಳೇ. ಮ್ಯಾನೇಜರ ಕೋಣೆಯಲ್ಲಿ ಅವಳು ಸೆರಗಿನ ತುದಿ ಹಿಂಡುತ್ತ ನಿಂತದ್ದು ಗಾಜಿನಾಚೆಗೆ ಕಾಣುತ್ತಿತ್ತು. ಕರೆಯದಿದ್ದರೂ ನಾನು ಒಳಗೆ ನುಗ್ಗಿದೆ. "ಅವಳ ಮಿಷಿನ್ ಲಾಕ್ ಆಗಿತ್ತು ಸರ್. ಮಾಡಿದವಳು ನಾನು. ಬೇಕಾದರೆ ಹೆಡ್ ಆಫೀಸಿನವರನ್ನು ಕರೆಸಿ ನೋಡಿ" ಎಂದೆ. ದನಿ ಜೋರಾಗಿಯೇ ಇತ್ತು.

ಕರೆಸಿದರು. ಸಿಸ್ಟಂ ನೋಡಿಕೊಳ್ಳುವ ಹುಡುಗಿ ಬಂದು, ಕನ್ನಡಕ ಏರಿಸಿ, ಎಲ್ಲವನ್ನೂ ತಡಕಿದಳು. ಆ ಹೊತ್ತಿನಲ್ಲಿ ವಸಂತಿಯ ಕಂಪ್ಯೂಟರನ್ನು ಯಾರೂ ತೆರೆದಿರಲಿಲ್ಲ. ಬದಲಾವಣೆ ನಡೆದದ್ದು ಮ್ಯಾನೇಜರ ಸ್ವಂತ ಕಂಪ್ಯೂಟರಿನಿಂದ, ಅವರದೇ ಹೆಸರಿನಲ್ಲಿ! ಅವರು ಮಂಗಳಾರತಿ ತಟ್ಟೆ ಹಿಡಿದಿದ್ದಾಗ, ಪೂಜೆಗೆ ಬಂದಿದ್ದ ಏಜೆಂಟೊಬ್ಬ ಆ ಬೆಳಗುತ್ತಿದ್ದ ಪರದೆಯ ಮುಂದೆ ಆರಾಮಾಗಿ ಕೂತಿದ್ದನಂತೆ. ಆ ಹೆಂಡತಿಯ ಹೆಸರು ಅಂದೇ ಮರಳಿ ಸೇರಿತು. ಸಂಜೆ ಮ್ಯಾನೇಜರ್ ಎಲ್ಲರ ಎದುರಿಗೆ, "ಮೇಡಂ, ಆ ಮೂರು ಕೀ ಯಾವುದು, ಕಾಟ್ಟುಂಗೋ" ಎಂದರು. ತೋರಿಸಿದೆ. ಆಹಾ, ಆ ಸುಖವನ್ನು ಯಾಕೆ ಮುಚ್ಚಿಡಲಿ? ಒಂದು ಸಲ ಸಾಲದೆಂದು ಮತ್ತೊಮ್ಮೆ ತೋರಿಸಿದೆ.

ವಸಂತಿ ಖಾಯಂ ಆದಳು. ಪರೀಕ್ಷೆಗಳನ್ನು ಬರೆದು ಮೇಲೇರಿದಳು. ಹೋದ ವಾರ ಅದೇ ಶಾಖೆಯ ಮ್ಯಾನೇಜರಾಗಿ ನಿವೃತ್ತಳಾದಳು. ನಾನೂ ಹೋಗಿದ್ದೆ. ಹಾರ, ಭಾಷಣ ಎಲ್ಲ ಮುಗಿದ ಮೇಲೆ ಕೋಣೆಗೆ ಕರೆದು ತನ್ನ ಕುರ್ಚಿಯಲ್ಲಿ ನನ್ನನ್ನು ಕೂರಿಸಿದಳು. ಪರದೆ ತೆರೆದೇ ಇತ್ತು.

"ಕೊನೇ ಸಲ ಲಾಗಾಫ್ ಮಾಡುಕಿತ್ತ್. ನೀನೇ ಒತ್ತ್ ಮಾರಾಯ್ತಿ."

"ಇನ್ನೊಬ್ಬರ ಮಿಷಿನ್ ನಾನು ಮುಟ್ಟಲ್ಲ" ಎಂದೆ.

"ಒಂದ್ಸಲ ಮುಟ್ಟಿದ್ದಕ್ಕೇ ಅಲ್ದಾ ನಾ ಇಲ್ಲಿವರಿಗೆ ಬಂದದ್ದ್" ಎಂದು ನನ್ನ ಕೈ ಹಿಡಿದು ಮೌಸಿನ ಮೇಲಿಟ್ಟಳು.