ಕಫೀಲರ ವಾಚಿನ ನೀಲಿ ಸ್ಕ್ರೂ

ಪೆಟ್ರೋಲ್ ಬಂಕಿನ ಪಕ್ಕ ಹಾದುಹೋಗುವಾಗ ಈಗಲೂ ನನ್ನ ಹೆಜ್ಜೆ ನಿಧಾನವಾಗುತ್ತದೆ. ಆ ವಾಸನೆಗೆ ನೆನಪಾಗುವುದು ಎಂಬತ್ತರ ದಶಕದ ಕೊನೆಯ ಮಸ್ಕತ್, ರೂವಿಯ ನಮ್ಮ ಎರಡು ಕೋಣೆಯ ಮನೆ, ಕಿಟಕಿಯ ಬಳಿ ಪಪ್ಪನ ಮೇಜು, ಅದರ ಮೇಲೆ ಪುಟ್ಟ ಗಾಜಿನ ಬಟ್ಟಲಿನಲ್ಲಿ ವಾಚಿನ ಬಿಡಿಭಾಗ ತೊಳೆಯುವ ಬೆಂಜಿನ್. ಪಪ್ಪ ಉಡುಪಿಯಿಂದ ಹೋಗಿ, ವೀಸಾ ಕೊಟ್ಟು ಕರೆಸಿಕೊಂಡ ಅರಬ್ ಯಜಮಾನರಾದ ಕಫೀಲರ ಅಂಗಡಿಯಲ್ಲಿ ವಾಚ್ ರಿಪೇರಿಗೆ ಕೂತವರು. ಒಳ್ಳೆಯ ಸ್ವಿಸ್ ವಾಚುಗಳನ್ನು ಮಾತ್ರ ಅಂಗಡಿಯ ಧೂಳಿಗೆ ಹೆದರಿ, ಶುಕ್ರವಾರದ ರಜೆಯಲ್ಲಿ ಮನೆಗೆ ತಂದು ಬಿಚ್ಚುತ್ತಿದ್ದರು. "ನೋಡು ಲೀನಾ, ಯಾರಿಗೂ ಕಾಣದ ಸ್ಕ್ರೂವಿಗೂ ಹೇಗೆ ಪಾಲಿಶ್ ಕೊಟ್ಟಿದ್ದಾರೆ ಮಾರಾಯ್ತಿ!" ಎನ್ನುತ್ತಿದ್ದರು. ಬೆಂಕಿಯಲ್ಲಿ ಕಾಸಿ ನೀಲಿ ಬರಿಸಿದ ಆ ಸ್ಕ್ರೂಗಳು ಸಾಸಿವೆಗಿಂತ ಸಣ್ಣವು. ಹಿಂಬದಿ ಮುಚ್ಚಳದ ಒಳಗೆ, ಹಿಂದೆ ರಿಪೇರಿ ಮಾಡಿದವರೆಲ್ಲ ಗೀಚಿಟ್ಟ ಗುರುತುಗಳು ಇರುತ್ತಿದ್ದವು. ಕೆಲಸ ಮುಗಿದ ಮೇಲೆ ಪಪ್ಪನೂ ಅಲ್ಲಿ ತಮ್ಮದೊಂದನ್ನು ಗೀಚುತ್ತಿದ್ದರು.

ವಾಚು ತೆರೆದಿರುವಾಗ ಮನೆಯಲ್ಲಿ ಫ್ಯಾನ್ ಹಾಕುವಂತಿರಲಿಲ್ಲ. ಜೂನ್ ತಿಂಗಳ ಒಂದು ಶುಕ್ರವಾರ ಮೇಜಿನ ಮೇಲಿದ್ದದ್ದು ಕಫೀಲರ ತೀರಿಹೋದ ತಂದೆಯ ವಾಚು. ಪಪ್ಪ ಕೈ ತೊಳೆಯಲು ಎದ್ದರು. ಸೆಕೆ ತಡೆಯಲಾರದೆ, ಒಂದೇ ನಿಮಿಷ ಎಂದುಕೊಂಡು ನಾನು ಫ್ಯಾನ್ ಹಾಕಿಬಿಟ್ಟೆ. ಬಿಡಿಭಾಗ ಹರಡಿದ್ದ ತೆಳು ಕಾಗದ ಮಗುಚಿ ಬಿತ್ತು. ಪಪ್ಪ ಬಂದರು, ನೋಡಿದರು, ಫ್ಯಾನ್ ಆರಿಸಿದರು. ಬಾಗಿ ಬಿಡಿಭಾಗಗಳನ್ನು ಒಂದೊಂದಾಗಿ ಹೆಕ್ಕತೊಡಗಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಎಲ್ಲ ಸಿಕ್ಕವು, ಒಂದು ಸ್ಕ್ರೂ ಬಿಟ್ಟು. ಮೂವರೂ ನೆಲದ ಮೇಲೆ ಮಂಡಿಯೂರಿ ಹುಡುಕಿದೆವು. ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋನಿಯವರಿಗೆ ಮಮ್ಮಿ ಮೇಣದಬತ್ತಿ ಹಚ್ಚಿದರು. ಆವತ್ತು ಅವರೂ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಪಪ್ಪ ಮಮ್ಮಿಯ ಹೊಲಿಗೆ ಡಬ್ಬಿಯಿಂದ ಒಂದು ಸೂಜಿ ತೆಗೆದುಕೊಂಡರು. ಕಾಸಿ, ಅರದಲ್ಲಿ ಉಜ್ಜಿ, ತಿರುಪಿನ ಸುತ್ತುಗೆರೆ ಕೊರೆದು, ಸಂಜೆಯ ಹೊತ್ತಿಗೆ ಒಂದು ಸ್ಕ್ರೂ ಮಾಡಿದರು. ದೀಪದ ಉರಿಯಲ್ಲಿ ಅದಕ್ಕೂ ನೀಲಿ ಬರಿಸಿದರು. ವಾಚು ನಡೆಯಿತು.

"ಇದನ್ನು ಕಫೀಲರಿಗೆ ಹೇಳ್ಬೇಕು," ಎಂದರು ಪಪ್ಪ.

"ಹೇಳಿದ್ರೆ ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಕಳಿಸ್ತಾರೆ. ಅದು ಯಾರಿಗೆ ಕಾಣ್ತದೆ?" ಎಂದರು ಮಮ್ಮಿ.

"ಮುಚ್ಚಳ ತೆಗೆದವ್ರಿಗೆ ಕಾಣ್ತದೆ."

ಮರುದಿನ ಶಾಲೆಯಲ್ಲಿ ನನ್ನ ತಲೆಗೆ ಏನೂ ಹೋಗಲಿಲ್ಲ. ಮನೆಗೆ ಬಂದವಳೇ ಕಿಟಕಿಗೆ ಅಂಟಿಕೊಂಡು ನಿಂತೆ. ನನ್ನಿಂದಾಗಿ ನಾವೆಲ್ಲ ಪೆಟ್ಟಿಗೆ ಕಟ್ಟಬೇಕಾಗುತ್ತದೆ ಎಂದುಕೊಳ್ಳುತ್ತ ಪಪ್ಪ ಬರುವ ರಸ್ತೆಯನ್ನೇ ನೋಡುತ್ತಿದ್ದೆ. ಮಧ್ಯಾಹ್ನ ಅಂಗಡಿ ಮುಚ್ಚಿ ಬಂದ ಪಪ್ಪ ಚಪ್ಪಲಿ ಬಿಡುತ್ತ ಮಮ್ಮಿಗೆ ಹೇಳಿದರು: "ನನ್ನ ಕೈತಪ್ಪಿನಿಂದ ಹೋಯ್ತು ಅಂತ ಹೇಳಿದೆ. ವಾಚನ್ನು ಕಿವಿಗೆ ಹಿಡಿದು ಕೇಳಿದ್ರು. ಆಮೇಲೆ 'ಖಲಾಸ್, ಆಯ್ತು ಬಿಡು' ಅಂತ ಕೈಗೆ ಕಟ್ಟಿಕೊಂಡ್ರು." ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಕೆಲವು ವರ್ಷಗಳ ನಂತರ ಮನೆ ಖಾಲಿ ಮಾಡುವಾಗ, ಸುತ್ತಿದ ಕಾರ್ಪೆಟ್ಟಿನ ಅಂಚಿನಿಂದ ಆ ಸ್ಕ್ರೂ ಉದುರಿತು. ಪಪ್ಪ ಚಿಮಟದಲ್ಲಿ ಎತ್ತಿ, ಒಂದು ಚಿಕ್ಕ ಶೀಷೆಗೆ ಹಾಕಿಕೊಂಡರು. ಫ್ಯಾನ್ ಹಾಕಿದ್ದು ಯಾರೆಂದು ಅವರು ಸಾಯುವ ತನಕ ಕೇಳಲಿಲ್ಲ. ನಾನೂ ಹೇಳಲಿಲ್ಲ. ಆ ಮನೆ ಈಗಿಲ್ಲ, ಅಂಗಡಿಯೂ ಇಲ್ಲವಂತೆ. ಮಮ್ಮಿಯ ಸೂಜಿ ಮಾತ್ರ ಯಾರದೋ ಮಣಿಕಟ್ಟಿನಲ್ಲಿ, ಪಪ್ಪನ ಗುರುತಿನ ಕೆಳಗೆ, ಇನ್ನೂ ಇರಬಹುದು.

ಶೀಷೆ ನನ್ನ ಬಳಿ ಇದೆ. ಅದನ್ನು ತೆರೆಯಬೇಕು ಅನಿಸಿದಾಗಲೆಲ್ಲ ಮೊದಲು ಎದ್ದು ಹೋಗಿ ಫ್ಯಾನ್ ಆರಿಸುತ್ತೇನೆ.