ಕಪ್ಪು ಟಗರಿನ ಕೂದಲು

ಬಯಾಲಜಿಯಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ ನಮ್ಮ ಕಾನ್ವೆಂಟಿನ ಸಿಸ್ಟರ್ "ಗರ್ಲ್ಸ್, ರೀಡ್ ಇಟ್ ಅಟ್ ಹೋಮ್" ಎಂದು ಮುಂದಿನ ಪಾಠಕ್ಕೆ ಹಾರಿಬಿಡುತ್ತಿದ್ದರು. ಹೋಮ್‌ನಲ್ಲಿ ಯಾರೂ ಓದಲಿಲ್ಲ. ಹಾಗಾಗಿ ವೀರ್ಯಾಣುವನ್ನು ನಾನು ಮೊದಲು ಕಂಡದ್ದು ಅರವತ್ತು ದಾಟಿದ ಮೇಲೆ, ಸೌದಿಯ ಬುರೈದಾ ಪೇಟೆಯ ಹೊರಗೆ, ನನ್ನ ಗಂಡನ ಮೈಕ್ರೋಸ್ಕೋಪಿನಲ್ಲಿ.

ಇವರು ಅಲ್ಲಿ ಒಂದು ಕುರಿ ಫಾರ್ಮಿನ ಪಶುವೈದ್ಯರು. ಊರಿನಲ್ಲಿ ರಿಟೈರ್ ಆದ ಮೇಲೆ ಹಿಡಿದ ಕೆಲಸ; ವರ್ಷಕ್ಕೊಮ್ಮೆ ಕಾಂಟ್ರಾಕ್ಟ್ ರಿನ್ಯೂ ಆಗಬೇಕು. ಕಫೀಲ್, ಎಂದರೆ ವೀಸಾ ಕೊಟ್ಟ ಫಾರ್ಮಿನ ಯಜಮಾನ, ಆ ಸಲ ಒಂದೇ ಶರತ್ತು ಹಾಕಿದ್ದ: ತನ್ನ ಮುದ್ದಿನ ನಜ್ದಿ ತಳಿಯ ಟಗರಿಗೆ ಮರಿಗಳಾಗಬೇಕು. ಕಪ್ಪು ಮೈ, ಬಿಳಿ ಮುಖ, ಇಳಿಬಿದ್ದ ರೇಷ್ಮೆಯಂಥ ಕೂದಲು. ಅದಕ್ಕೆ ಶಾಂಪೂ, ಕಂಡೀಷನರ್. ನನ್ನ ತಲೆಗೆ ಅಷ್ಟು ಉಪಚಾರ ಎಂದೂ ಆಗಿರಲಿಲ್ಲ. ಆದರೆ ಅದರಿಂದ ಒಂದು ಕುರಿಯೂ ಗಬ್ಬವಾಗುತ್ತಿರಲಿಲ್ಲ.

ವಿಪರೀತ ಸೆಕೆಗೆ ಮೈಯೊಳಗೆ ಒಂದು ಬಗೆಯ ತುಕ್ಕು ಹಿಡಿದು ವೀರ್ಯಾಣು ಕೆಡುತ್ತದೆ, ಅದನ್ನು ತಡೆಯುವುದೇ ಆಂಟಿಆಕ್ಸಿಡೆಂಟ್ ಎಂದು ಇವರು ನನಗೆ ವಿವರಿಸಿದರು. ಮೇವಿನಲ್ಲಿ ವಿಟಮಿನ್ ಇ, ಅಳೆದೂ ಸುರಿದೂ ತೀರಾ ಸ್ವಲ್ಪ ಸೆಲೆನಿಯಂ. ಹೊಸ ವೀರ್ಯಾಣು ಬೆಳೆಯಲು ಎರಡು ತಿಂಗಳು ಬೇಕು; ಅಲ್ಲಿಯವರೆಗೆ ಕೂದಲು ಕತ್ತರಿಸಿ ಟಗರನ್ನು ತಂಪಿನಲ್ಲಿ ಇಡಬೇಕು. ಕಫೀಲ್ ಕೂಲರ್ ತರಿಸಿದ. ಕೂದಲು ತೆಗೆದರೆ ಅದು ಟಗರೇ ಅಲ್ಲ ಎಂದುಬಿಟ್ಟ.

ವಿಟಮಿನ್ ಇ ಎಂದಾಗ ನಾನು ಇವರ ಮುಖ ನೋಡಲಿಲ್ಲ. ಮದುವೆಯಾದ ಹೊಸತರಲ್ಲಿ ಮಂಗಳೂರಿನ ಡಾಕ್ಟರೊಬ್ಬರು ಇವರಿಗೂ ಅದನ್ನೇ ಬರೆದುಕೊಟ್ಟಿದ್ದರು. ಬಹಳ ಕಾಲ ನುಂಗಿದರು. ನಮ್ಮಲ್ಲಿ ತೊಟ್ಟಿಲು ಕಟ್ಟಲಿಲ್ಲ, ಆ ಸಬ್ಜೆಕ್ಟ್ ಮತ್ತೆ ಎತ್ತಲೂ ಇಲ್ಲ.

ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಲ್ಯಾಬಿನಿಂದ ಕರೆದರು.

"ಬಾ ಮಾರಾಯ್ತಿ, ಓಡ್ತಾ ಉಂಟು ನೋಡು."

ಬಗ್ಗಿ ನೋಡಿದೆ. ಗೊದಮೊಟ್ಟೆಗಳಂತೆ, ಒಂದನ್ನೊಂದು ತಳ್ಳಿಕೊಂಡು, ಎಲ್ಲಿಗೋ ಅರ್ಜೆಂಟ್ ಇದ್ದವರ ಹಾಗೆ.

"ಹಾಗಾದ್ರೆ ರಿನ್ಯೂ ಆದ ಹಾಗೆ ಅಲ್ವಾ?" ಎಂದೆ.

"ಕುರಿಗಳು ಬೆದೆಗೆ ಬರ್ಲಿ. ಇನ್ನು ಸ್ವಲ್ಪ ದಿನ."

ಖುಷಿಯಲ್ಲಿ ಕಫೀಲ್‌ಗೆ ಫೋನ್ ಮಾಡಿದರು. ಅವನಿಗೂ ಖುಷಿ ತಡೆಯಲಿಲ್ಲ. ಶುಕ್ರವಾರ ಟಗರಿಗೆ ಸ್ನಾನ ಮಾಡಿಸಿ, ಬಾಚಿ, ಪಿಕಪ್‌ನಲ್ಲಿ ಗೆಳೆಯರ ತೋಟಕ್ಕೆ ಒಯ್ದ. ಗಂಡಸುತನ ಮರಳಿದ ಟಗರು ಎಂದು ಎಲ್ಲರಿಗೂ ತೋರಿಸಬೇಕಲ್ಲ. ಮಧ್ಯಾಹ್ನವಿಡೀ ಬಿಸಿಲಲ್ಲಿ ನಿಲ್ಲಿಸಿ ಫೋಟೊ ತೆಗೆದರಂತೆ. ವಾಪಸ್ ಬರುವಾಗ ಅದು ಬಾಯಿ ತೆರೆದು ಏದುತ್ತಿತ್ತು. ಮೈ ಕಾದ ಹಂಚಿನಂತಿತ್ತು.

ಕುರಿಗಳು ಬೆದೆಗೆ ಬರುವಷ್ಟರಲ್ಲಿ ಇವರು ಮತ್ತೆ ಸ್ಲೈಡ್ ನೋಡಿದರು. ನನ್ನನ್ನು ಕರೆಯಲಿಲ್ಲ. ನಾನೇ ಹೋಗಿ ಬಗ್ಗಿದೆ. ಎಲ್ಲವೂ ಇದ್ದವು, ಒಂದೂ ಅಲುಗಾಡುತ್ತಿರಲಿಲ್ಲ.

ಮತ್ತೆ ಎರಡು ತಿಂಗಳು ಕೊಡಿ ಎಂದು ಇವರು ಕೇಳಿಕೊಂಡರು. ಕಾಂಟ್ರಾಕ್ಟ್ ಅದಕ್ಕೆ ಮೊದಲೇ ಮುಗಿಯುತ್ತಿತ್ತು. ಕಫೀಲ್ ಸಿಟ್ಟಾಗಲಿಲ್ಲ, ತಾನೇ ಕಾಫಿ ಬಗ್ಗಿಸಿ ಕೊಟ್ಟ.

"ನಿನ್ನ ಮದ್ದಿನ ಗುಣ ನಿಲ್ಲುವುದಿಲ್ಲ ಡಾಕ್ಟರ್. ಖಲಾಸ್."

ಬಿಸಿಲಿನ ಮಾತು ಇವರು ಎತ್ತಿದ್ದರು. ಟಗರು ಮರುಭೂಮಿಯಲ್ಲೇ ಹುಟ್ಟಿದ್ದು ಎಂದು ಅವನು ನಕ್ಕಿದ್ದನಂತೆ.

ಫೈನಲ್ ಎಕ್ಸಿಟ್ ಮುದ್ರೆ ಹೊಡೆದ ಪಾಸ್‌ಪೋರ್ಟ್ ಹಿಡಿದು ನಾವು ಹೊರಟ ದಿನ ಕೆಲಸದವನು ಟಗರನ್ನು ಬಾಚುತ್ತಿದ್ದ. ಕೂದಲು ಥಳಥಳ ಹೊಳೆಯುತ್ತಿತ್ತು.

"ಕೂದಲು ಒಂದು ತೆಗೀಲಿಕ್ಕೆ ಬಿಟ್ಟಿದ್ರೆ..." ಎಂದರು ಇವರು ಕಾರಿನಲ್ಲಿ. ವಿಮಾನದಲ್ಲೂ ಅಂದರು. ಊರಿಗೆ ಬಂದು ವರ್ಷಗಳಾದ ಮೇಲೂ, ಊಟಕ್ಕೆ ಕೂತವರು ತುತ್ತು ಕೈಯಲ್ಲೇ ಹಿಡಿದು ಅಷ್ಟನ್ನೇ ಹೇಳುತ್ತಿದ್ದರು. ನಾನು ಸಾರು ಬಡಿಸುತ್ತಿದ್ದೆ.